78ರ ಪ್ಲೇಟುಗಳ ಸದ್ದು ಇನ್ನು ಪೂರ್ತಿ ತೆಗೆಯುವುದಿಲ್ಲ

ಗ್ರಾಹಕರಿಗೆಲ್ಲ ನಮಸ್ಕಾರ,

ನೀವು ತಂದುಕೊಡುವ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೇ ಗ್ರಾಮಫೋನ್ ಪ್ಲೇಟುಗಳನ್ನು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿನಲ್ಲಿ ಕೊಡುತ್ತೇವಲ್ಲ, ಆ ಕೆಲಸದಲ್ಲಿ ಬರುವ ತಿಂಗಳ 1ರಿಂದ ಒಂದು ಬದಲಾವಣೆ. ಇಷ್ಟು ದಿನ ಸದ್ದನ್ನೆಲ್ಲ ತೊಳೆದು ಒಂದೇ ಫೈಲು ಕೊಡುತ್ತಿದ್ದೆವು. ಇನ್ನು ಎರಡು ಕೊಡುತ್ತೇವೆ. ಪ್ಲೇಟಿನಲ್ಲಿ ಇರುವುದು ಇದ್ದ ಹಾಗೇ ಒಂದು, ಚಟಪಟ ಸದ್ದನ್ನಷ್ಟೇ ತೆಗೆದದ್ದು ಇನ್ನೊಂದು. ಹಿಂದೆ ಸದಾ ಕೇಳಿಸುವ 'ಉಸ್' ಸದ್ದಿಗೆ ಕೈ ಹಾಕುವುದಿಲ್ಲ.

ಯಾಕೆ ಅಂತ ಕೇಳುತ್ತೀರಿ. ನಮ್ಮಲ್ಲಿಗೆ ಬರುವುದು ಜಾಸ್ತಿ 1947ರಿಂದ 1949ರ ಹಿಂದಿ ಸಿನಿಮಾ ಪ್ಲೇಟುಗಳು: 'ಮೇಲಾ', 'ಅಂದಾಜ್', 'ಬರ್ಸಾತ್', 'ಮಹಲ್'. 'ಮಹಲ್'ನ 'ಆಯೇಗಾ ಆನೇವಾಲಾ' ಹಾಡನ್ನೇ ನೋಡಿ. ಬಾಂಬೆ ಟಾಕೀಸ್ ಸಿನಿಮಾ, ಖೇಮ್‌ಚಂದ್ ಪ್ರಕಾಶ್ ಸಂಗೀತ. ಪಾಳು ಬಂಗಲೆಯಲ್ಲಿ ಎಲ್ಲೋ ದೂರದಲ್ಲಿ ಹಾಡುವವಳು ಹತ್ತಿರ ಬರುತ್ತಿದ್ದಾಳೆ ಅನ್ನಿಸಬೇಕು. ಮೈಕನ್ನು ಕೋಣೆಯ ನಡುವೆ ಇಟ್ಟು, ತಾನು ಮೂಲೆಯಲ್ಲಿ ನಿಂತು ಶುರು ಮಾಡಿ, ಹಾಡುತ್ತಲೇ ಮೈಕಿನ ಕಡೆಗೆ ನಡೆದು ಬಂದೆ ಅಂತ ಲತಾ ಮಂಗೇಶ್ಕರ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆ ಮೆಲುದನಿ 'ಉಸ್' ಸದ್ದಿನ ಜೊತೆಗೇ ಬೆರೆತಿದೆ. ಸಾಫ್ಟ್‌ವೇರಿಗೆ ಅವೆರಡನ್ನೂ ಪೂರ್ತಿ ಸರಿಯಾಗಿ ಬೇರೆ ಮಾಡುವುದು ಕಷ್ಟ. ಸದ್ದನ್ನು ಪೂರ್ತಿ ತೆಗೆದರೆ ಕೋಣೆಯೂ ಹೋಗುತ್ತದೆ, ದೂರವೂ ಹೋಗುತ್ತದೆ. ಮತ್ತೆ ದೆವ್ವದ ಭಯ ಎಲ್ಲಿಂದ ಬರಬೇಕು, ಅಲ್ವಾ?

ಫೈಲಿನ ಹೆಸರಿನಲ್ಲೂ ಸ್ವಲ್ಪ ಬದಲಾವಣೆ ಇದೆ. ಈ ಹಾಡಿನ ಪ್ಲೇಟಿನ ಮೇಲೆ ಗಾಯಕಿ 'ಕಾಮಿನಿ' ಅಂತಿತ್ತು. ಅದು ಮಧುಬಾಲಾ ಮಾಡಿದ ಪಾತ್ರದ ಹೆಸರು. ಹಾಡಿದ್ದು ಯಾರು ಅಂತ ಕೇಳುಗರು ರೇಡಿಯೋಗೆ ಕಾಗದ ಬರೆದ ಮೇಲೇ ಲತಾ ಹೆಸರು ಹೊರಗೆ ಬಂತು. ಇನ್ನು ಮುಂದೆ ಲೇಬಲ್ಲಿನ ಹೆಸರು, ನಿಜವಾಗಿ ಹಾಡಿದವರ ಹೆಸರು ಎರಡನ್ನೂ ಬರೆಯುತ್ತೇವೆ. ಅಂದ ಹಾಗೆ, ರಾಜ್ ಕಪೂರ್ ದನಿ ಅಂದರೆ ಮುಖೇಶ್ ಅಂತಲೇ ಎಲ್ಲರಿಗೂ ಅಭ್ಯಾಸ, ಆದರೆ 'ಅಂದಾಜ್'ನಲ್ಲಿ ದಿಲೀಪ್ ಕುಮಾರ್‌ಗೆ ಮುಖೇಶ್, ರಾಜ್ ಕಪೂರ್‌ಗೆ ರಫಿ ಹಾಡಿದ್ದಾರೆ. ಹೆಸರು ಅದಲುಬದಲಾಗಿದೆ ಅಂತ ದಯವಿಟ್ಟು ಫೋನ್ ಮಾಡಬೇಡಿ!

ದರ ಒಂದು ಬದಿಗೆ 150 ರೂಪಾಯಿ ಇದ್ದದ್ದು 200 ಆಗುತ್ತದೆ. ಹಾಡು ಮೂರು ನಿಮಿಷದ್ದೇ, ಆದರೆ ಕೆಲಸ ಮೂರು ನಿಮಿಷದ್ದಲ್ಲ. 78ರಲ್ಲಿ ಮುಳ್ಳು ಓಡುವ ಗೀರು ಅಗಲ. ಆಮೇಲೆ ಬಂದ ಎಲ್‌ಪಿ ಪ್ಲೇಟುಗಳ ಸಣ್ಣ ಮುಳ್ಳು ಹಾಕಿದರೆ ತಳಕ್ಕೆ ಕೂತು ಬರೀ ಕರಕರ ಅನ್ನುತ್ತದೆ. ಸುಮಾರು ಮೂರು ಪಟ್ಟು ದಪ್ಪದ ಮುಳ್ಳು ಬೇಕು. ಉಕ್ಕಿನ ಪಿನ್ನು ಓಡಿ ಓಡಿ ಸವೆದ ಪ್ಲೇಟಾದರೆ ಬೇರೆ ಬೇರೆ ಅಳತೆಯ ಮುಳ್ಳು ಹಾಕಿ, ಸವೆಯದ ಜಾಗ ಎಲ್ಲಿದೆ ಅಂತ ಹುಡುಕಬೇಕು. ಈ ತಿಂಗಳ ಕೊನೆಯೊಳಗೆ ಕೊಟ್ಟವರಿಗೆ ಹಳೇ ದರವೇ.

ಹಿಂದೆ ಮಾಡಿಸಿಕೊಂಡವರ ತೊಳೆಯದ ಪ್ರತಿಗಳು ನಮ್ಮಲ್ಲಿ ಇವೆ. ರಸೀದಿ ನಂಬರು, ಪೆನ್‌ಡ್ರೈವ್ ತನ್ನಿ, ಸುಮ್ನೆ ಹಾಕಿಕೊಡುತ್ತೇವೆ, ದುಡ್ಡು ಬೇಡ.

ಒಂದು ಕೋರಿಕೆ. ತರುವ ಮೊದಲು ಸ್ಪಿರಿಟ್ ಹಾಕಿ ಒರೆಸಬೇಡಿ. ಇವು ಅರಗಿನಿಂದ ಮಾಡಿದವು, ಸ್ಪಿರಿಟ್ ತಗುಲಿದರೆ ಮೇಲ್ಮೈ ಕರಗುತ್ತದೆ. ಒಂದರ ಮೇಲೊಂದು ಪೇರಿಸಿ ತಂದರೆ ಕೆಳಗಿನದು ಹಪ್ಪಳದ ಹಾಗೆ ಮುರಿಯುತ್ತದೆ. ನಡುವೆ ರಟ್ಟು ಇಟ್ಟು, ನಿಲ್ಲಿಸಿ ತನ್ನಿ. ಸೋಮವಾರ ರಜೆ.

ನಿಮ್ಮ ವಿಶ್ವಾಸಿ,
ಅಂಗಡಿಯ ಪರವಾಗಿ