ಮಗಳೇ, ಜೋರಾಗಿ ನಗು

ಪ್ರೀತಿಯ ಪುಟ್ಟಿ,

ಸಂಜೆ ಕಂಪ್ಯೂಟರ್ ಕ್ಲಾಸ್‌ಗೂ ಸೇರಿದ್ದೀಯ ಅಂತ ಅಮ್ಮ ಹೇಳಿದಳು. ಖುಷಿಯಾಯಿತು, ಗಾಬರಿಯೂ ಆಯಿತು. ಹಗಲೆಲ್ಲ ಆಫೀಸು, ಆಮೇಲೆ ಕ್ಲಾಸು, ಭಾನುವಾರ ಬಿ.ಕಾಂ.ನ ಉಳಿದ ಪೇಪರ್‌ಗಳ ಓದು. ಕಳೆದುಹೋದ ವರ್ಷಗಳನ್ನೆಲ್ಲ ಒಂದೇ ಸಲ ವಸೂಲಿ ಮಾಡಲು ಹೊರಟಿದ್ದೀಯ ಅಲ್ವಾ?

ಸೋಮಾರಿ ಅಂದವರ ಬಾಯಿ ಮುಚ್ಚಿಸಬೇಕು ಅನ್ನುವ ನಿನ್ನ ಹಟ ನನಗೆ ಗೊತ್ತು. ಪರೀಕ್ಷೆ ಬರೆಯುತ್ತಲೇ ನಿದ್ದೆ ಹತ್ತಿ ಅಕ್ಷರಗಳು ಗೀಚಾಗಿ ಹೋದದ್ದನ್ನು ಯಾರೂ ಕಾಯಿಲೆ ಅಂದುಕೊಳ್ಳಲಿಲ್ಲ. ಆದರೆ ಅವರಿಗೆಲ್ಲ ಉತ್ತರ ಆಗಲೇ ಸಿಕ್ಕಿದೆ. ನಿದ್ದೆಯ ಪರೀಕ್ಷೆಗೆಂದು ನೀನು ರಾತ್ರಿಯಿಡೀ ತಲೆಗೆ ವೈರ್ ಅಂಟಿಸಿಕೊಂಡು ಮಲಗಿದೆ. ಮರುದಿನ ಎರಡೆರಡು ಗಂಟೆಗೊಮ್ಮೆ ಮಲಗಿಸಿ ನೋಡಿದರು. ಬೇರೆಯವರಿಗೆ ಕನಸಿನ ನಿದ್ದೆ ಬರಲು ಸುಮಾರು 90 ನಿಮಿಷ ಬೇಕು. ನಿನಗೆ ಕಣ್ಣು ಹತ್ತಿದ 15 ನಿಮಿಷದೊಳಗೇ ಬರುತ್ತಿತ್ತು. ನಾರ್ಕೊಲೆಪ್ಸಿ ಅನ್ನುವ ನಿದ್ದೆಯ ಕಾಯಿಲೆ. ನಮ್ಮನ್ನು ಎಚ್ಚರವಾಗಿಡುವ ಒರೆಕ್ಸಿನ್ ಅನ್ನುವ ರಾಸಾಯನಿಕವನ್ನು ತಯಾರಿಸುವ ಮೆದುಳಿನ ಕೋಶಗಳೇ ನಿನ್ನಲ್ಲಿ ಹಾಳಾಗಿವೆ. ಆ ಒರೆಕ್ಸಿನ್ ಪತ್ತೆಯಾದದ್ದೇ 1998ರಲ್ಲಿ. ಇದರಲ್ಲಿ ಸೋಮಾರಿತನದ ಮಾತೆಲ್ಲಿ ಬಂತು?

ಮೊಡಾಫಿನಿಲ್ ಮಾತ್ರೆ ನಿನ್ನನ್ನು ಎಚ್ಚರವಾಗಿಡುತ್ತದೆ, ಹೋದ ಕೋಶಗಳನ್ನು ತಂದುಕೊಡುವುದಿಲ್ಲ. ಹಾಗಾಗಿ ಮಧ್ಯಾಹ್ನದ 20 ನಿಮಿಷದ ನಿದ್ದೆಯೂ ನಿನಗೆ ಔಷಧಿಯೇ. ಅದನ್ನು ಆಫೀಸಿನ ಬಾತ್‌ರೂಮಿನಲ್ಲಿ ಕದ್ದು ಮಾಡಬೇಡ ಕಂದಾ. ಡಾಕ್ಟರ ಚೀಟಿ ತೋರಿಸಿ ಮ್ಯಾನೇಜರ್ ಹತ್ತಿರ ಕೇಳು. ಊಟವಾದ ಮೇಲೆ ಒಂದು ಖಾಲಿ ರೂಮು, ಒಂದು ಕುರ್ಚಿ, ಅಷ್ಟೇ ತಾನೇ? ಒಪ್ಪದಿದ್ದರೆ ಬೇರೆ ಕೆಲಸ ಹುಡುಕೋಣ. ದುಡ್ಡಿನ ಯೋಚನೆ ನನಗಿರಲಿ. ಸಂಜೆ ಕ್ಲಾಸು ಸದ್ಯಕ್ಕೆ ಬಿಡು, ರಾತ್ರಿ ದಿನಾ ಒಂದೇ ಹೊತ್ತಿಗೆ ಮಲಗು. ಡಾಕ್ಟರ್ ಹೇಳುವವರೆಗೆ ಸ್ಕೂಟರ್ ಮುಟ್ಟಬೇಡ. ಇದೊಂದರಲ್ಲಿ ನಾನು ಜಗ್ಗುವುದಿಲ್ಲ.

ಇನ್ನೊಂದು ವಿಷಯ ಬಹಳ ದಿನದಿಂದ ಮನಸ್ಸಿನಲ್ಲಿದೆ. ನೀನು ನಗು ತಡೆದುಕೊಳ್ಳುತ್ತೀಯ. ಚಿಕ್ಕಪ್ಪ ತಮಾಷೆ ಶುರು ಮಾಡಿದರೆ ಸಾಕು, ಎದ್ದು ಅಡುಗೆಮನೆಗೆ ಹೋಗುತ್ತೀಯ. ಜೋರಾಗಿ ನಕ್ಕರೆ ಮೊಣಕಾಲು ಕುಸಿಯುತ್ತದೆ ಅನ್ನುವ ಭಯ. ಈ ಕಾಯಿಲೆಯ ಜೊತೆ ಬರುವ ಕ್ಯಾಟಪ್ಲೆಕ್ಸಿ ಅಂದರೆ ಹಾಗೇ, ನಗು ಬಂದಾಗ ಸ್ನಾಯುಗಳ ಬಲ ಥಟ್ಟನೆ ಹೋಗುತ್ತದೆ. ಆದರೆ ಆಗಲೂ ನಿನಗೆ ಪ್ರಜ್ಞೆ ಇರುತ್ತದೆ, ಎಲ್ಲ ಕೇಳಿಸುತ್ತದೆ, ಸ್ವಲ್ಪ ಹೊತ್ತಿಗೆ ಶಕ್ತಿ ವಾಪಸ್ ಬರುತ್ತದೆ. ಅದಕ್ಕೆಂದೇ ಕೊಟ್ಟ ಇನ್ನೊಂದು ಮಾತ್ರೆಯಿಂದ ಈಗ ಕಡಿಮೆಯೂ ಆಗಿದೆ. ಆ ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ, ಥಟ್ಟನೆ ಬಿಟ್ಟರೆ ಕುಸಿತ ಜಾಸ್ತಿಯಾಗುತ್ತದೆ. ಬಿದ್ದೇನು ಅಂತ ನಗದೇ ಬದುಕುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಪದವಿ ಎರಡು ವರ್ಷ ತಡವಾಗಲಿ. ಮೊದಲು ನಿನ್ನ ನಗು ನಮಗೆ ವಾಪಸ್ ಬೇಕು.

ಮುಂದಿನ ತಿಂಗಳು ಅತ್ತೆಯ ಮಗನ ಮದುವೆ. ಬಾ, ಕುರ್ಚಿಯಲ್ಲಿ ಕೂತು ಹೊಟ್ಟೆ ತುಂಬ ನಗು. ಪಕ್ಕದಲ್ಲಿ ನಾನೋ ಅಮ್ಮನೋ ಇರುತ್ತೇವೆ. ಜಾರಿದರೆ ಹಿಡಿದುಕೊಳ್ಳುತ್ತೇವೆ. ನೆಂಟರು ಗಾಬರಿಯಾದರೆ ವಿಷಯ ನಾನೇ ಹೇಳುತ್ತೇನೆ. ಮಧ್ಯಾಹ್ನ ನೀನು ಮಲಗಲು ಛತ್ರದಲ್ಲಿ ಒಂದು ಕೋಣೆ ಹೇಳಿಟ್ಟಿದ್ದೇನೆ. ರಾತ್ರಿ ಬಸ್ಸು ಬೇಡ, ನಿದ್ದೆ ಕೆಡುತ್ತದೆ. ಹಗಲಿನ ರೈಲಿಗೇ ಟಿಕೆಟ್ ಮಾಡಿಸು. ಸ್ಟೇಷನ್‌ಗೆ ನಾನು ಬರುತ್ತೇನೆ.

ಇತಿ,
ನಿನ್ನ ಅಪ್ಪ