ಗುಂಡಿ 200 ಡಿಗ್ರಿಯಲ್ಲಿದ್ದರೂ 150 ದಾಟದ ಓವನ್ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ರಿಪೇರಿ ಮಾಡದೆಯೇ ನನ್ನ ದೂರನ್ನು ಮುಚ್ಚಿರುವ ಬಗ್ಗೆ

ಮಾನ್ಯರೇ,

ಹತ್ತು ತಿಂಗಳ ಹಿಂದೆ ಹುಬ್ಬಳ್ಳಿಯ ಅಂಗಡಿಯಲ್ಲಿ ನಿಮ್ಮ ಕಂಪನಿಯ ಓಟಿಜಿ (ಓವನ್-ಟೋಸ್ಟರ್-ಗ್ರಿಲ್) ಓವನ್ ತಗೊಂಡೆವು. ಒಂದು ವರ್ಷದ ವಾರಂಟಿ ಇದೆ. ಮೊದಲು ಚೆನ್ನಾಗೇ ಇತ್ತು. ಈಗ ಎರಡು ತಿಂಗಳಿಂದ ಸರಿಯಾಗಿ ಕಾಯುತ್ತಿಲ್ಲ.

ನಮ್ಮ ಮನೆಯಲ್ಲಿ ಭಾನುವಾರ ಬಂತಂದ್ರೆ ಖಾರಿ (ಪದರ ಪದರದ ಗರಿಗರಿ ಬಿಸ್ಕತ್ತು), ಪಫ್ಸ್. ಅತ್ತೆಯವರಿಗೆ ಚಹಾದಲ್ಲಿ ಅದ್ದಿ ತಿನ್ನೋಕೆ ಖಾರಿ ಬೇಕು. ಮಕ್ಕಳಿಗೆ ಆಲೂಗಡ್ಡೆ ಪಲ್ಯ ತುಂಬಿದ ಪಫ್ಸ್. ಶನಿವಾರ ರಾತ್ರಿಯೇ ಮೈದಾ ನಾದಿ, ನಡುವೆ ಬೆಣ್ಣೆ ಇಟ್ಟು ಲಟ್ಟಿಸಿ, ಮೂರು ಮಡಿಕೆ ಮಾಡಿ ಫ್ರಿಜ್‌ನಲ್ಲಿಡಬೇಕು. ತಣ್ಣಗಾದ ಮೇಲೆ ಮತ್ತೆ ಲಟ್ಟಿಸಬೇಕು. ಹೀಗೆ ಆರು ಸಲ ಮಡಿಚಿದರೆ ಬೆಣ್ಣೆಯ ಪದರ 729 ಆಗುತ್ತವೆ. ನಮ್ಮೂರ ಬೇಸಿಗೆಯಲ್ಲಿ ಬೆಣ್ಣೆ ಕೈಯಲ್ಲೇ ಕರಗುತ್ತದೆ, ಅದಕ್ಕೇ ರಾತ್ರಿ ಹತ್ತರ ಮೇಲೆ ಕೂತು ಮಾಡುತ್ತೇನೆ.

ಕಳೆದ ಭಾನುವಾರ ಟ್ರೇ ಹೊರಗೆ ತೆಗೆದರೆ ತಳದಲ್ಲಿ ಬೆಣ್ಣೆ ನಿಂತಿತ್ತು. ಖಾರಿ ಎತ್ತಿದರೆ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಮೇಲೆ ಬೆಳ್ಳಗೆ, ಒಳಗೆ ಹಸಿ ಹಿಟ್ಟು. ಅತ್ತೆಯವರು ಒಂದನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟರು. ಏನೂ ಅನ್ನದೆ ಬಶಿಯಲ್ಲಿ ವಾಪಸ್ ಇಟ್ಟರು. ನನಗೆ ಅಳುವೇ ಬಂತು.

ಅಂಗಡಿ ಬೆಣ್ಣೆಯಲ್ಲಿ ಸುಮಾರು 16% ನೀರಿರುತ್ತದೆ. ಓವನ್ 200 ಡಿಗ್ರಿ ಕಾದಿದ್ದರೆ ಆ ನೀರು ತಕ್ಷಣ ಆವಿಯಾಗಿ ಪದರಗಳನ್ನು ಮೇಲಕ್ಕೆ ಎತ್ತುತ್ತದೆ. ಬೆಣ್ಣೆ ಕರಗೋಕೆ ಮಾತ್ರ 35 ಡಿಗ್ರಿಯೇ ಸಾಕು. ಕಾವು ಕಡಿಮೆ ಇದ್ದರೆ ಪದರ ಏಳುವ ಮೊದಲೇ ಬೆಣ್ಣೆ ಹರಿದು ಹೋಗುತ್ತದೆ. ನನ್ನ ಹಿಟ್ಟಿನಲ್ಲೇ ತಪ್ಪು ಅಂತ ನಿಮ್ಮವರು ಹೇಳಿದ್ದರಿಂದ ಇಷ್ಟು ಬರೆಯಬೇಕಾಯಿತು.

ಓವನ್ ಒಳಗೆ ಇಡುವ ಥರ್ಮಾಮೀಟರ್ ತಂದು ನೋಡಿದೆ. ಗುಂಡಿ 200ರಲ್ಲಿಟ್ಟು ಅರ್ಧ ಗಂಟೆ ಕಾದರೂ ಮುಳ್ಳು 150 ದಾಟಲಿಲ್ಲ. ಮೂರು ಸಲ ನೋಡಿದೆ, ಮೂರು ಸಲವೂ ಅಷ್ಟೇ. ಫೋಟೋ ಕಳಿಸಿದ್ದೇನೆ.

ಎರಡು ಸಲ ದೂರು ಕೊಟ್ಟ ಮೇಲೆ ನಿಮ್ಮ ಹುಡುಗ ಬಂದ. ಓವನ್ ಹಚ್ಚಿ, ಒಳಗೆ ಕೈ ಹಿಡಿದು, 'ಬಿಸಿ ಆಗ್ತೈತಲ್ರಿ ಅಕ್ಕಾರ' ಅಂದ. ಆಮೇಲೆ ವೋಲ್ಟೇಜ್ ಕಡಿಮೆ ಇರಬೇಕು ಅಂದ. ಪಕ್ಕದ ಮನೆಯವರ ಹಳೆ ಓವನ್ ತಂದು ಅದೇ ಪ್ಲಗ್‌ಗೆ ಹಾಕಿ, ಅದೇ ಥರ್ಮಾಮೀಟರ್ ಇಟ್ಟು ತೋರಿಸಿದೆ. ಅದು 195 ತೋರಿಸಿತು. ಆಗ ಸುಮ್ಮನಾದ. ಬಂದು ಹೋಗಿದ್ದಕ್ಕೆ ಅಂತ ಓಟಿಪಿ ಕೇಳಿದ, ಕೊಟ್ಟೆ. ಸಂಜೆ 'ನಿಮ್ಮ ದೂರು ಪರಿಹಾರವಾಗಿದೆ' ಅಂತ ಮೆಸೇಜ್ ಬಂತು. ಇದು ಸರೀನಾ? ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅಳೆಯೋಕೆ ಒಂದು ಥರ್ಮಾಮೀಟರ್ ಕೂಡ ಕೊಡದೆ ನೀವು ಅವನನ್ನು ಕಳಿಸಿದ್ದೀರಿ.

ದಯವಿಟ್ಟು ದೂರನ್ನು ಮತ್ತೆ ತೆರೆಯಿರಿ. ಕಾವು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಬದಲಿಸಿ, ನನ್ನ ಎದುರಿಗೇ ಕಾವು ಅಳೆದು ತೋರಿಸಿ. ಆಗದಿದ್ದರೆ ಬೇರೆ ಓವನ್ ಕೊಡಿ. ವಾರಂಟಿ ಮುಗಿಯೋಕೆ ಇನ್ನು ಎರಡೇ ತಿಂಗಳಿದೆ, ನನ್ನ ಮೊದಲ ದೂರಿನ ತಾರೀಖನ್ನೇ ಲೆಕ್ಕಕ್ಕೆ ಹಿಡಿಯುವುದಾಗಿ ಬರಹದಲ್ಲಿ ತಿಳಿಸಿ.

15 ದಿನದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ. ಅಲ್ಲೂ ಆಗದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಕಚೇರಿ ಎಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬಿಲ್ಲು, ವಾರಂಟಿ ಕಾರ್ಡು, ನಿಮ್ಮ ಮೆಸೇಜು ಎಲ್ಲ ಜೋಪಾನವಾಗಿ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ
ವಿದ್ಯಾನಗರ, ಹುಬ್ಬಳ್ಳಿ