ದಿವ್ರೀಯ ಗೋಡೆಯಲ್ಲಿ ಇಬ್ಬರು ದೊರೆಗಳು

ಮಗಳೇ,

ತುರ್ಕಿಯ ಸಿವಾಸ್ ಪ್ರಾಂತ್ಯದ ದಿವ್ರೀ ತಾಲೂಕನ್ನು ಯಾರು ಯಾರು ಆಳಿದರು ಎಂದು ನೀನು ಮಾಡಿದ ಪಟ್ಟಿ ನೋಡಿದೆ. ಬೈಜಾಂಟಿಯಂ, ಮೆಂಗುಜೆಕ್, ಸೆಲ್ಜುಕ್, ಮಂಗೋಲ್, ಮಾಮ್ಲೂಕ್, ಆಟೊಮನ್. ಒಬ್ಬ ಇಳಿದ ಮೇಲೆ ಇನ್ನೊಬ್ಬ ಹತ್ತಿದ ಎಂಬಂತೆ ಗೆರೆ ಎಳೆದಿದ್ದೀಯ.

ಮೊದಲ ಸಾಲೇ ಎಡವಿದೆ. ಬೈಜಾಂಟಿಯಂ ಕೈಗೆ ಸಿಗದೆ ಓಡಿದವರು ಕಟ್ಟಿದ ಕೋಟೆಯೂರು ಅದು. ಬೈಜಾಂಟಿಯಂನ ರಾಣಿ ಥಿಯೊಡೋರಾ, ಪೌಲಿಷಿಯನ್ ಎಂಬ ಭಿನ್ನಮತದ ಕ್ರೈಸ್ತ ಪಂಥದವರ ಬೆನ್ನು ಹತ್ತಿದಾಗ ಅವರ ಮುಖಂಡ ಕಾರ್ಬಿಯಾಸ್, ಮಲತ್ಯದ ಅಮೀರನ ಆಸರೆಯಲ್ಲಿ 9ನೇ ಶತಮಾನದ ನಡುವೆ ಇಲ್ಲಿ ನೆಲೆ ಮಾಡಿದ. ಆಗಿನ ಹೆಸರು ತೆಫ್ರಿಕೆ. ದಿವ್ರೀ ಅದರದೇ ಸವೆದ ರೂಪ. ಬೈಜಾಂಟಿಯಂ ಸಾಮ್ರಾಟರ ಸೈನ್ಯಕ್ಕೆ ಊರು ದಕ್ಕಿದ್ದು 870ರ ದಶಕದಲ್ಲಿ.

ಇನ್ನು ದೊಡ್ಡ ಮಸೀದಿಯ ಶಾಸನ. ಅದರಲ್ಲಿರುವುದು ಹಿಜರಿ 626. ಶಕವರ್ಷಕ್ಕೆ 78 ಕೂಡಿಸುವ ರೂಢಿಯಲ್ಲಿ ನೀನು ಇಲ್ಲಿ 622 ಕೂಡಿಸಿ 1248 ಮಾಡಿದ್ದೀಯ, ಇಪ್ಪತ್ತು ವರ್ಷ ಆಚೆಗೆ ಹೋಯಿತು. ಹಿಜರಿ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನ, ಅಧಿಕಮಾಸ ಇಲ್ಲ. ಹಾಗಾಗಿ ಮೊದಲು 0.97ರಿಂದ ಗುಣಿಸು, ಆಮೇಲೆ 621.6 ಕೂಡಿಸು: 1228–29 ಬರುತ್ತದೆ. ಹಿಜರಿ ವರ್ಷ ಎರಡು ಇಸವಿಗಳ ಮೇಲೆ ಚಾಚಿಕೊಳ್ಳುವುದರಿಂದ ತಿಂಗಳು ಗೊತ್ತಿಲ್ಲದಿದ್ದರೆ ಎರಡನ್ನೂ ಬರೆ. (ವಿಜಯಪುರದ ಆದಿಲ್‌ಶಾಹಿ ಶಾಸನಗಳಲ್ಲಿ ಹಿಜರಿ ವರ್ಷ ಇದ್ದರೆ ಅದಕ್ಕೂ ಇದೇ ಲೆಕ್ಕ.) 19ನೇ ಶತಮಾನದ ಆಟೊಮನ್ ಕಾಗದಗಳಲ್ಲಿ ಮಾತ್ರ ಹುಷಾರು. ಅಲ್ಲಿ ಸೌರಮಾನದ ರೂಮಿ ವರ್ಷವೂ ಓಡುತ್ತದೆ, ಅದಕ್ಕೆ 584 ಕೂಡಿಸಬೇಕು. 1293 ಎಂದಿದ್ದರೆ ಹಿಜರಿಯಲ್ಲಿ 1876, ರೂಮಿಯಲ್ಲಿ 1877.

ಇಸವಿ ಸರಿಯಾದರೆ ರಾಜಕೀಯವೂ ಬಿಚ್ಚಿಕೊಳ್ಳುತ್ತದೆ. ಮಸೀದಿ ಕಟ್ಟಿಸಿದವನು ದಿವ್ರೀಯ ದೊರೆ, ಮೆಂಗುಜೆಕ್ ಮನೆತನದ ಅಹ್ಮದ್ ಷಾ. ಅದಕ್ಕೆ ಅಂಟಿಕೊಂಡ ಆಸ್ಪತ್ರೆ ತುರಾನ್ ಮೆಲೆಕ್ ಎಂಬ ಹೆಣ್ಣುಮಗಳದು, ಅದೇ ಮನೆತನದ ಎರ್ಜಿಂಜಾನ್ ಶಾಖೆಯ ದೊರೆ ಬೆಹ್ರಾಮ್ ಷಾನ ಮಗಳು. ಅದೇ 1228ರಲ್ಲಿ ಆ ಎರ್ಜಿಂಜಾನ್ ಶಾಖೆಯನ್ನು ಸೆಲ್ಜುಕ್ ಸುಲ್ತಾನ ಕೈಕುಬಾದ್ ನುಂಗಿದ. ದಿವ್ರೀ ಶಾಖೆ ಉಳಿಯಿತು. ಮಸೀದಿಯ ಶಾಸನದಲ್ಲಿ ಅಹ್ಮದ್ ಷಾನ ಜೊತೆ ಕೈಕುಬಾದನ ಹೆಸರೂ ಇದೆ. ಕಪ್ಪ ಒಪ್ಪಿಕೊಂಡು ಗದ್ದುಗೆ ಉಳಿಸಿಕೊಂಡದ್ದು ಎಂದೇ ನಾನು ಅದನ್ನು ಓದುವುದು.

1243ರ ಕೋಸೆ ದಾಗ್ ಯುದ್ಧದ ಸೋಲಿನ ನಂತರ ಸೆಲ್ಜುಕ್ ಸುಲ್ತಾನನೇ ಮಂಗೋಲರ ಅಡಿಯಾಳಾದ. ಈಜಿಪ್ಟಿನ ಮಾಮ್ಲೂಕರ ಕಾಲವನ್ನು ಒಂದೆರಡು ಸಾಲಲ್ಲಿ ಮುಗಿಸು. 1516ರಲ್ಲಿ ಆಟೊಮನ್ ಸುಲ್ತಾನ ಮೊದಲನೆಯ ಸಲೀಮನು ಮಾಮ್ಲೂಕರನ್ನು ಸೋಲಿಸಿದಾಗ ಊರು ಆಟೊಮನ್ನರದಾಯಿತು.

ಅಲ್ಲಿಂದಾಚೆಗೆ ಕಂದಾಯದ ದಫ್ತರಗಳು ಸಿಗುತ್ತವೆ. ಅವುಗಳಲ್ಲಿ 'ಹಾನೆ' ಎಂದರೆ ತೆರಿಗೆ ಕಟ್ಟುವ ಮನೆ, 'ಮುಜರ್ರೆದ್' ಎಂದರೆ ಮದುವೆಯಾಗದ ಗಂಡಸು. ಮನೆಗಳನ್ನು 5ರಿಂದ ಗುಣಿಸುವುದು ವಾಡಿಕೆ. ಬ್ರಹ್ಮಚಾರಿಗಳನ್ನು ಗುಣಿಸಬೇಡ, ಹಾಗೇ ಕೂಡಿಸು. ತೆರಿಗೆ ಮಾಫಿ ಇದ್ದವರು ಬಿಟ್ಟುಹೋಗಿರಬಹುದು, ಬಂದ ಮೊತ್ತವನ್ನು ಅಂದಾಜು ಎಂದೇ ಬರೆ.

1228ರ ಎದುರಿಗೆ ಈಗ ಇರುವ ಒಂದು ಹೆಸರು ಅಳಿಸಿ, ಎರಡು ಬರೆ.

ನಿನ್ನ ಅಪ್ಪ